ಕೆಂಪು ಚುಕ್ಕೆ ಇಟ್ಟ ನಟ್ಟು

ಅವಳಿಗೆ ಬಲ್ಬಕ್ಕ ಅಂತ ಹೆಸರು ಬಿದ್ದು ಇಪ್ಪತ್ತಾರು ವರ್ಷ ಆಗಿತ್ತು. ಇಟ್ಟವನು ಗ್ರೀಸಣ್ಣ, ಗ್ಯಾರೇಜಿನ ಯಜಮಾನ. ಅವನಿಗೆ ಆ ಹೆಸರು ಯಾಕೆ ಬಂತು ಅಂತ ಅವನ ಬನಿಯನ್ ನೋಡಿದವರು ಯಾರೂ ಕೇಳುತ್ತಿರಲಿಲ್ಲ.

ತಗಡಿನ ಶೆಡ್ಡು ಒಂದೇ. ಮುಕ್ಕಾಲು ಭಾಗ ಗ್ರೀಸಣ್ಣನದು, ಎಂಜಿನ್ ಕೆಲಸ. ಮೂಲೆಯ ಕಾಲು ಭಾಗ ಬಲ್ಬಕ್ಕನ ಗಂಡನದು, ವೈರಿಂಗ್ ಕೆಲಸ. ಗಂಡನನ್ನು ಎಲ್ಲರೂ ಮೇಸ್ತ್ರಿ ಅನ್ನುತ್ತಿದ್ದರು. ಆ ಮೂಲೆಯ ಮೇಲೆ ಒಂದು ಬೋರ್ಡು. ಬೋರ್ಡಿನಲ್ಲಿ ಅವನ ಹೆಸರು, ಕೆಳಗೆ "ಹಳೆ ಗಾಡಿಗಳ ಕರೆಂಟಿನ ಕೆಲಸ" ಅಂತ ಒಂದು ಸಾಲು. ಬರೆದವನೂ ಅವನೇ. ಅಕ್ಷರ ಸೊಟ್ಟಗಿದ್ದವು. ಕೆಲಸ ಸೊಟ್ಟಗಿರಲಿಲ್ಲ.

ಅವಳು ಓದಿದ್ದು ನಾಲ್ಕನೇ ಕ್ಲಾಸು. ಮದುವೆಯಾದ ಹೊಸದರಲ್ಲಿ ಒಂದು ದಿನ ಊಟದ ಡಬ್ಬಿ ಕೊಡಲು ಬಂದಳು. ಅವನು ಒಂದು ಗಾಡಿಯ ಕೆಳಗೆ ಮಲಗಿದ್ದ. ಬರೀ ಕಾಲು ಕಾಣುತ್ತಿತ್ತು. ಒಳಗಿನಿಂದ ಕೈ ಚಾಚಿ ಒಂದು ಬಲ್ಬು ಕೊಟ್ಟ.

"ಇದನ್ನ ಹಿಡ್ಕೊ. ಹತ್ತಿದ್ರೆ ಹತ್ತಿತು ಅನ್ನು. ಆರಿದ್ರೆ ಆರಿತು ಅನ್ನು. ಬೇರೆ ಏನೂ ಮಾತಾಡ್ಬೇಡ."

ಗಾಡಿಯದೇ ಚಿಕ್ಕ ಬಲ್ಬು. ಅದಕ್ಕೆ ಎರಡು ವೈರು. ಒಂದರ ತುದಿಗೆ ಹಲ್ಲಿನ ಕ್ಲಿಪ್ಪು, ಇನ್ನೊಂದರ ತುದಿಗೆ ಸೂಜಿ. ಕರೆಂಟು ಎಲ್ಲಿವರೆಗೆ ಬಂದಿದೆ, ಎಲ್ಲಿ ನಿಂತಿದೆ ಅಂತ ನೋಡಲು ಅಷ್ಟೇ ಸಾಮಾನು. ಆವತ್ತು ಹಿಡಿದದ್ದು, ಆಮೇಲೆ ಬಿಡಲಿಲ್ಲ. ಅವನು ಡಬ್ಬಿ ತರುವುದನ್ನು ಬಿಡಿಸಿದ, ಬಲ್ಬು ಹಿಡಿಯುವುದನ್ನು ಕಲಿಸಿದ.

ಅವನು ಕಲಿಸಿದ್ದು ಒಂದೇ ಪಾಠ, ಅನುಮಾನ.

"ಮೊದ್ಲು ಫ್ಯೂಸ್ ಮೇಲೆ ಅನುಮಾನ ಪಡು. ಆಮೇಲೆ ಸ್ವಿಚ್ಚು. ಆಮೇಲೆ ಜಾಯಿಂಟು. ಇದೆಲ್ಲ ಸರಿಯಿದೆ ಅಂದ್ರೆ ಗಾಡಿ ಓನರ್ ಬಾಯಿ ಮೇಲೆ ಅನುಮಾನ ಪಡು. ಏನೂ ಮುಟ್ಟಿಲ್ಲ ಅಂತಾರಲ್ಲ, ಅವರೇ ಮುಟ್ಟಿರ್ತಾರೆ."

ಒಂದನ್ನು ಮಾತ್ರ ಅನುಮಾನಿಸುವಂತಿರಲಿಲ್ಲ. ಅದು ಕೆಂಪು ಚುಕ್ಕೆ. ಯಾರೋ ಮದುವೆಗೆ ಕೊಟ್ಟ ಉಗುರಿನ ಬಣ್ಣದ ಶೀಶೆ ಅವಳ ಹತ್ತಿರ ಇತ್ತು. ಗ್ರೀಸು ಮೆತ್ತಿದ ಉಗುರಿಗೆ ಬಣ್ಣ ಎಲ್ಲಿಂದ ಬಂತು. ಅವನೇ ಎತ್ತಿಕೊಂಡು ಶೆಡ್ಡಿಗೆ ತಂದ. ನಟ್ಟು ಬಿಗಿ ಮಾಡಿದ ಮೇಲೆ ನಟ್ಟಿಗೂ ಬೋಲ್ಟಿಗೂ ಸೇರಿಸಿ ಒಂದು ಚುಕ್ಕೆ ಇಡುತ್ತಿದ್ದ. ಬೇರೆ ಯಾರಾದರೂ ಬಿಚ್ಚಿದರೆ ಚುಕ್ಕೆ ಒಡೆಯಬೇಕು. ಒಡೆದಿಲ್ಲ ಅಂದರೆ ಮೇಸ್ತ್ರಿ ಕಟ್ಟಿದ್ದು ಹಾಗೇ ಇದೆ ಅಂತ ಲೆಕ್ಕ. ಅಲ್ಲಿ ಮತ್ತೆ ಸ್ಪ್ಯಾನರ್ ಇಡಬಾರದು. ಗ್ರೀಸಣ್ಣನೂ ಇಡುತ್ತಿರಲಿಲ್ಲ. ಆ ಮೊದಲ ಶೀಶೆ ಮುಗಿದು ಎಷ್ಟು ಶೀಶೆ ಬಂದವೋ.

ಮೇಸ್ತ್ರಿ ಹೋಗಿ ನಾಲ್ಕು ತಿಂಗಳಾಗಿತ್ತು. ಬಚ್ಚಲಲ್ಲಿ ಬಿದ್ದ, ಹನ್ನೊಂದು ದಿನ ಆಸ್ಪತ್ರೆ, ಮುಗಿಯಿತು. ತಲೆಯಲ್ಲಿ ಗಡ್ಡೆ ಇತ್ತು ಅಂತ ಡಾಕ್ಟರು ಆಮೇಲೆ ಹೇಳಿದರು. "ಬಲಗೈ ಮೊದಲೇ ಸೋತಿತ್ತಾ? ಹಿಡಿದ ಸಾಮಾನು ಬೀಳ್ತಿತ್ತಾ?" ಅಂತ ಕೇಳಿದರು. ಅವಳು ಇಲ್ಲ ಅಂದಳು. ದಿನಾ ಪಕ್ಕದಲ್ಲೇ ನಿಂತು ಬಲ್ಬು ಹಿಡಿದವಳು. ಅವಳಿಗೆ ಗೊತ್ತಾಗದೆ ಇರುತ್ತದೆಯೇ.

ಈಗ ಕೆಲಸ ಅವಳೇ ಮಾಡುತ್ತಿದ್ದಳು. ಬರುವವರು ಮೊದಲು ಬೋರ್ಡು ನೋಡುತ್ತಿದ್ದರು, ಆಮೇಲೆ ಅವಳನ್ನು ನೋಡುತ್ತಿದ್ದರು, ಆಮೇಲೆ ಮತ್ತೆ ಬೋರ್ಡು ನೋಡುತ್ತಿದ್ದರು.

"ಬೋರ್ಡ್ ಇಳಿಸೋ ಮಾತು ನಾನಾಗಿ ಆಡಲ್ಲ," ಅಂದಿದ್ದ ಗ್ರೀಸಣ್ಣ. "ಮೇಸ್ತ್ರಿ ಹೆಸರಿಗೆ ಮರ್ಯಾದೆ ಇರೋವರೆಗೂ ಇರಲಿ. ಆದ್ರೆ ಹಿಂದಿನ ಬೀದಿಯ ಹುಡುಗ ಮೂಲೆ ಕೇಳ್ತಿದಾನೆ. ಕಂಪ್ಯೂಟರ್ ಇದೆ ಅವನ ಹತ್ರ."

"ಹಳೆ ಗಾಡಿಗೆ ಕಂಪ್ಯೂಟರ್ ಎಲ್ಲಿ ಚುಚ್ತಾನಂತೆ? ಸೈಲೆನ್ಸರ್ ಒಳಗಾ?"

ಗ್ರೀಸಣ್ಣ ನಕ್ಕ. ಆದರೆ ಆ ನಗುವಿನಲ್ಲಿ ಒಂದು ಹಲ್ಲು ಕಡಿಮೆ ಕಂಡಿತು ಅವಳಿಗೆ. ಆವತ್ತಿನಿಂದ ಅವನ ಮೇಲೆ ಒಂದು ಕಣ್ಣಿಟ್ಟಳು.

ಹಾಗಿರುವಾಗ ನರ್ಸಮ್ಮನ ಗಾಡಿ ಬಂತು. ನರ್ಸಮ್ಮ ರಿಟೈರಾದ ನರ್ಸು. ಗಾಡಿಗೂ ರಿಟೈರಾಗುವ ವಯಸ್ಸು, ಯಾರೂ ರಿಟೈರ್ ಮಾಡಿರಲಿಲ್ಲ ಅಷ್ಟೇ. ವಾರಕ್ಕೆ ಎರಡು ಸಲ ಅಕ್ಕನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ಆ ವಾರ ಎರಡು ಸಲವೂ ಆಸ್ಪತ್ರೆ ಗೇಟಿನ ಮುಂದೆಯೇ ಗಾಡಿ ನಿಂತುಬಿಟ್ಟಿತ್ತು.

"ಕೀ ತಿರುಗಿಸಿದ್ರೆ ಟಕ್ ಅನ್ನತ್ತೆ. ಅಷ್ಟೇ. ಬ್ಯಾಟರಿ ಹೊಸದು. ಈ ವೈರಿಂಗೆಲ್ಲ ಮಾಡಿದ್ದು ನಿಮ್ಮೆಜಮಾನರು, ಹೋಗೋದಕ್ಕೆ ಒಂದು ತಿಂಗಳು ಮುಂಚೆ. ಅವರಿದ್ದಾಗ ನಾನು ಇನ್ನೊಬ್ಬರ ಹತ್ರ ಹೋದವಳಲ್ಲ." ನರ್ಸಮ್ಮ ಕೈಚೀಲವನ್ನು ಈ ಭುಜದಿಂದ ಆ ಭುಜಕ್ಕೆ ಹಾಕಿಕೊಂಡಳು. "ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡ. ಅವರ ಕೆಲಸದಲ್ಲೇ ಏನಾದ್ರೂ ಉಳ್ಕೊಂಡಿದ್ಯಾ?"

ಆ ಕಡೆ ಗ್ರೀಸಣ್ಣನ ಸುತ್ತಿಗೆ ನಿಂತಿತು.

"ಅವರ ಕೆಲಸದಲ್ಲಿ ಏನೂ ಉಳಿದಿರಲ್ಲ," ಅಂದಳು ಬಲ್ಬಕ್ಕ. "ಸಂಜೆಯೊಳಗೆ ಯಾರ ಕೆಲಸ ಅಂತ ಹೇಳ್ತೀನಿ."

ಬಾನೆಟ್ ಎತ್ತಿದಳು. ಒಳಗೆ ಮೇಸ್ತ್ರಿಯ ಕೈ ಎಲ್ಲ ಕಡೆ ಕಾಣುತ್ತಿತ್ತು. ವೈರುಗಳು ಬಾಚಿ ಕಟ್ಟಿದ ಹಾಗೆ. ಬದಿಯಲ್ಲಿ ಗಾಡಿಯ ಮೈಗೆ ಬೆಸೆದ ಬೋಲ್ಟು, ಉಪ್ಪುಕಾಗದದಲ್ಲಿ ಉಜ್ಜಿ ಹೊಳಪು ಮಾಡಿದ್ದು. ಅದರ ನಟ್ಟಿನ ಮೇಲೆ ಕೆಂಪು ಚುಕ್ಕೆ. ಪ್ರತಿ ಗಾಡಿಯಲ್ಲೂ ಅವನು ಬಲ್ಬಿನ ಕ್ಲಿಪ್ಪು ಕಚ್ಚಿಸುತ್ತಿದ್ದದ್ದು ಆ ಬೋಲ್ಟಿಗೇ. ಅವಳೂ ಅಲ್ಲೇ ಕಚ್ಚಿಸಿದಳು.

ಸೂಜಿಯನ್ನು ಬ್ಯಾಟರಿಗೆ ಇಟ್ಟಳು. ಹತ್ತಿತು. ಎಂಜಿನ್ ತಿರುಗಿಸುವ ಸ್ಟಾರ್ಟರ್ ಮೋಟರಿಗೆ ಒಂದು ದಪ್ಪ ವೈರು ಹೋಗುತ್ತದೆ. ಅದರ ತುದಿಗೆ ಇಟ್ಟಳು.

"ನರ್ಸಮ್ಮ, ಕೀ ತಿರುಗಿಸಿ."

ಟಕ್. ಬಲ್ಬು ಫಳಫಳ ಉರಿಯಿತು. ಎಂಜಿನ್ನು ಅಲ್ಲಾಡಲಿಲ್ಲ.

ಕರೆಂಟು ಮೋಟರಿನ ಬಾಗಿಲವರೆಗೆ ಬಂದಿದೆ, ಮೋಟರು ಬಾಗಿಲು ತೆಗೆಯುತ್ತಿಲ್ಲ. ಅವಳಿಗೆ ಉಸಿರು ಬಂದ ಹಾಗಾಯಿತು. ಯಾಕೆಂದರೆ ಆ ಮೋಟರನ್ನು ಎರಡು ತಿಂಗಳ ಹಿಂದೆ ಬಿಚ್ಚಿ, ಒಳಗೆ ಕರೆಂಟು ದಾಟಿಸುವ ಕಾರ್ಬನ್ ತುಂಡು ಬದಲಾಯಿಸಿದವನು ಗ್ರೀಸಣ್ಣ.

"ವೈರಿಂಗ್ ಸರಿಯಿದೆ," ಅಂತ ಜೋರಾಗಿಯೇ ಹೇಳಿದಳು. "ಮೋಟರಲ್ಲಿ ಹೊಸ ಕಾರ್ಬನ್ ಹಾಕಿದ್ರೋ, ಇನ್ಯಾರದ್ದೋ ಹಳೇದು ಹಾಕಿದ್ರೋ, ಹಾಕಿದವರನ್ನ ಕೇಳ್ಬೇಕು."

ಗ್ರೀಸಣ್ಣ ಕೈ ಒರೆಸಿಕೊಳ್ಳುತ್ತ ಬಂದ. ಒರೆಸಿದ ಬಟ್ಟೆ ಕೈಗಿಂತ ಕಪ್ಪಗಿತ್ತು.

"ಏನಂದ್ರಿ ಅಕ್ಕ?"

"ಕೇಳಿಸ್ತಲ್ಲ."

"ಇಪ್ಪತ್ತಾರು ವರ್ಷ ಒಂದೇ ಸೂರಿನ ಕೆಳಗೆ ಕೆಲಸ ಮಾಡಿದೀವಿ. ನಾನು ಹಳೆ ಕಾರ್ಬನ್ ಹಾಕೋನಾ?"

"ನಾನು ಹಾಗಂದಿಲ್ಲ. ಕೇಳ್ಬೇಕು ಅಂದೆ."

ಅವನು ಬಟ್ಟೆ ಪಕ್ಕಕ್ಕೆ ಎಸೆದ. ಗಾಡಿಯ ಕೆಳಗೆ ನುಗ್ಗಿ, ಅರ್ಧ ಗಂಟೆಯಲ್ಲಿ ಮೋಟರು ಕಳಚಿ, ನೆಲದ ಮೇಲೆ ಅವಳ ಕಾಲ ಹತ್ತಿರವೇ ಇಟ್ಟ. ಬೇರೆ ಬ್ಯಾಟರಿಯಿಂದ ಎರಡು ದಪ್ಪ ವೈರು ನೇರ ಕೊಟ್ಟ. ಮೋಟರು ನೆಲದಿಂದ ಎಗರಿ ಗುಂಯ್ ಅಂತ ತಿರುಗಿತು. ಬಲ್ಬಕ್ಕ ಎರಡು ಹೆಜ್ಜೆ ಹಿಂದೆ ಹೋದಳು.

"ಯಾರ ಕಾರ್ಬನ್ ಅಂತ ಅದನ್ನೇ ಕೇಳಿ," ಅಂದ ಗ್ರೀಸಣ್ಣ.

ಅವಳ ಮುಖ ಇಷ್ಟಾಯಿತು. ಅವನು ಮೋಟರು ವಾಪಸು ಕೂರಿಸಿದ. ನರ್ಸಮ್ಮ ಕೀ ತಿರುಗಿಸಿದರೆ ಗಾಡಿ ಏನೂ ಆಗಿಲ್ಲದ ಹಾಗೆ ಸ್ಟಾರ್ಟಾಯಿತು. ಯಾರೂ ಏನೂ ರಿಪೇರಿ ಮಾಡಿರಲಿಲ್ಲ. ಅದು ಅವಳಿಗೆ ಇನ್ನೂ ಕೆಟ್ಟದ್ದು ಅನ್ನಿಸಿತು.

ಮೂರನೇ ದಿನ ಗಾಡಿ ಹಗ್ಗ ಕಟ್ಟಿಸಿಕೊಂಡು ಬಂತು.

"ನನಗೆ ನಾಡಿದ್ದು ಗಾಡಿ ಬೇಕು," ಅಂದಳು ನರ್ಸಮ್ಮ. "ನಾಳೆ ಮಧ್ಯಾಹ್ನದವರೆಗೆ ನೋಡ್ತೀನಿ. ಆಗ್ಲಿಲ್ಲ ಅಂದ್ರೆ ಆ ಕಂಪ್ಯೂಟರ್ ಹುಡುಗನನ್ನೇ ಕರೀತೀನಿ. ಮೇಸ್ತ್ರಿ ಮಾಡಿದ್ದನ್ನೆಲ್ಲ ಕಿತ್ತು ಹೊಸದಾಗಿ ಹಾಕ್ಲಿ."

ಮೇಸ್ತ್ರಿ ಮಾಡಿದ್ದನ್ನೆಲ್ಲ ಕಿತ್ತು. ಬಲ್ಬಕ್ಕ ಬೋರ್ಡಿನ ಕಡೆ ನೋಡಲಿಲ್ಲ. ಗ್ರೀಸಣ್ಣನೂ ನೋಡಲಿಲ್ಲ. ಇಬ್ಬರೂ ನೋಡಲಿಲ್ಲ ಅನ್ನುವುದು ಇಬ್ಬರಿಗೂ ಗೊತ್ತಾಯಿತು.

ಆ ಸಂಜೆ ಹೊರಡುವ ಮೊದಲು ಅವಳು ಒಂದು ಕೆಲಸ ಮಾಡಿದಳು. ಬಾನೆಟ್ ಮುಚ್ಚಿ, ಸಂದಿಯ ಮೇಲೆ ಬೆರಳಗಲ ಕಪ್ಪು ಟೇಪು ಅಂಟಿಸಿದಳು. ಯಾರಾದರೂ ಎತ್ತಿದರೆ ಟೇಪು ಬಿಡಬೇಕು. ಗಾಡಿ ತಾನಾಗಿ ಕೆಡುತ್ತಿಲ್ಲ, ಯಾರೋ ಕೆಡಿಸುತ್ತಿದ್ದಾರೆ ಅನ್ನುವುದು ಅವಳ ತಲೆಯಲ್ಲಿ ಕೂತುಬಿಟ್ಟಿತ್ತು. ಶೆಡ್ಡಿನ ಬೀಗದ ಕೈ ಇದ್ದದ್ದು ಇಬ್ಬರ ಹತ್ತಿರ. ಒಂದು ಅವಳ ಸೊಂಟದಲ್ಲಿತ್ತು.

ಮನೆಯಲ್ಲಿ ಅತ್ತೆ ಬಾಗಿಲಲ್ಲೇ ಕೂತಿದ್ದಳು. ಎಂಬತ್ತು ದಾಟಿದ ಮುದುಕಿ. ಕಿವಿ ಅರ್ಧ, ನಾಲಿಗೆ ಪೂರ್ತಿ.

"ಬಂದ್ಯಾ? ಮುಖ ಯಾಕೆ ಫ್ಯೂಸ್ ಹೋದ ಹಾಗಿದೆ?"

"ಏನಿಲ್ಲ ಅತ್ತೆ."

"ಏನಿಲ್ಲ ಅಂದ್ರೆ ಏನೋ ಇದೆ."

ಬಲ್ಬಕ್ಕ ಒಳಗೆ ಹೋದಳು. ಅತ್ತೆಯ ಮೇಲೂ ಅವಳಿಗೆ ಒಂದು ಅನುಮಾನ ಇತ್ತು, ಹಳೆಯದು. ಮೇಸ್ತ್ರಿ ಹೋಗುವ ಮುಂಚಿನ ಎರಡು ಮೂರು ತಿಂಗಳು ದಿನಾ ಬೆಳಿಗ್ಗೆ ಅಮ್ಮನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದ. ಐದು ನಿಮಿಷ, ಹತ್ತು ನಿಮಿಷ. ಇವಳು ಕಿವಿಗೊಟ್ಟರೆ ಒಳಗೆ ಮಾತಿಲ್ಲ. ಕೇಳಿದರೆ "ಅಮ್ಮನ ಹತ್ರ ಮಾತಾಡ್ತಿದ್ದೆ" ಅನ್ನುತ್ತಿದ್ದ. ಅರ್ಧ ಕಿವುಡಿಯ ಹತ್ತಿರ ಪಿಸುಮಾತು ಎಂಥದ್ದು? ಮನೆಯನ್ನು ಮೈದುನನ ಹೆಸರಿಗೆ ಬರೆಸುವ ಮಾತು ಅಂತ ಅವಳು ತೀರ್ಮಾನ ಮಾಡಿಕೊಂಡಿದ್ದಳು. ಅವನು ಹೋದ ಮೇಲೆ ಅಂಥ ಕಾಗದ ಯಾವುದೂ ಹೊರಬರಲಿಲ್ಲ. ಆದರೂ ಆ ಮುಚ್ಚಿದ ಬಾಗಿಲು ಅವಳ ಎದೆಯಲ್ಲಿ ಹಾಗೇ ಇತ್ತು.

ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಶೆಡ್ಡಿಗೆ ಹೋದಳು. ಟೇಪು ಬಿಟ್ಟಿರಲಿಲ್ಲ. ಸಂತೋಷ ಆಗಬೇಕಿತ್ತು, ಸಿಟ್ಟು ಬಂತು.

ಫ್ಯೂಸು ಒಂದೊಂದೇ ತೆಗೆದು ನೋಡಿದಳು. ಸ್ವಿಚ್ಚು ನೋಡಿದಳು. ಜಾಯಿಂಟು ಬಿಚ್ಚಿ ಕಟ್ಟಿದಳು. ಎಲ್ಲ ಕಡೆ ಬಲ್ಬು ಹತ್ತುತ್ತಿತ್ತು. ಎಂಜಿನ್ನು ಮಾತ್ರ ಟಕ್ ಅಂದು ಸುಮ್ಮನಾಗುತ್ತಿತ್ತು. ಹನ್ನೊಂದು ಗಂಟೆಗೆ ನರ್ಸಮ್ಮ ಬಂದಳು.

ಮೇಸ್ತ್ರಿ ಹೇಳಿದ ಪಟ್ಟಿಯಲ್ಲಿ ಉಳಿದದ್ದು ಓನರ್ ಬಾಯಿ ಒಂದೇ.

"ನೀವು ಏನೂ ಮುಟ್ಟಿಲ್ಲ ತಾನೇ?" ಅಂದಳು ಬಲ್ಬಕ್ಕ.

"ನಾನ್ಯಾಕಮ್ಮ ಮುಟ್ಲಿ? ಗಾಡಿ ಒಳಗೆ ನಾನು ಮುಟ್ಟಿದ್ದು ಒಂದೇ, ಆ ಆಕ್ಸಿಲರೇಟರ್ ಕೇಬಲ್. ಅದೂ ಮೊನ್ನೆ ಗೇಟ್ ಹತ್ರ ನಿಂತಾಗ. ಐದಾರು ಸಲ ಕೀ ತಿರುಗಿಸಿದೆ. ವಾಸನೆ ಬಂತು. ಬಾನೆಟ್ ಎತ್ತಿ ಅಲ್ಲಿ ಇಲ್ಲಿ ಮುಟ್ಟಿ ನೋಡಿದೆ. ಆ ಕೇಬಲ್ ಸುಡ್ತಿತ್ತು. ನೂರಾ ನಾಲ್ಕು ಜ್ವರ ಬಂದ ಹಾಗೆ."

"ಕೇಬಲ್ ಸುಡ್ತಿತ್ತಾ?"

"ಕೈ ಇಟ್ಟು ಜ್ವರ ಹೇಳೋದು ನಲವತ್ತು ವರ್ಷದ ಕೆಲಸ ನಂದು. ಸುಡ್ತಿತ್ತು."

ಬಲ್ಬಕ್ಕ ಕೈ ಕಟ್ಟಿ ನಿಂತುಬಿಟ್ಟಳು. ಆಕ್ಸಿಲರೇಟರ್ ಕೇಬಲ್ ಅಂದರೆ ಕಾಲಿನ ಪೆಡಲಿನಿಂದ ಎಂಜಿನ್ನಿಗೆ ಹೋಗುವ ಬರೀ ಉಕ್ಕಿನ ಹುರಿ. ಅದರಲ್ಲಿ ಕರೆಂಟಿಗೆ ಏನು ಕೆಲಸ? ಕರೆಂಟು ಬ್ಯಾಟರಿಯಿಂದ ವೈರಿನಲ್ಲಿ ಹೋಗುತ್ತದೆ, ಗಾಡಿಯ ಕಬ್ಬಿಣದ ಮೈಯಿಂದ ವಾಪಸು ಬರುತ್ತದೆ. ಎಂಜಿನ್ನು ಕೂತಿರುವುದು ರಬ್ಬರಿನ ಮೇಲೆ. ಅದಕ್ಕೇ ಎಂಜಿನ್‌ನಿಂದ ಮೈಗೆ ಒಂದು ತಾಮ್ರದ ಪಟ್ಟಿ ಕಟ್ಟಿರುತ್ತಾರೆ, ಹೆಣೆದದ್ದು. ಮೇಸ್ತ್ರಿ ಅದನ್ನು ಜಡೆ ಅನ್ನುತ್ತಿದ್ದ. ಕರೆಂಟು ಆ ಹುರಿಯಲ್ಲಿ ನುಗ್ಗಿ ಬರುತ್ತಿದೆ ಅಂದರೆ ಜಡೆಯ ದಾರಿ ಮುಚ್ಚಿದೆ.

ಜಡೆಯ ತುದಿ ಇದ್ದದ್ದು ಆ ಹೊಳೆಯುವ ಬೋಲ್ಟಿನಲ್ಲಿ. ಕೆಂಪು ಚುಕ್ಕೆಯ ನಟ್ಟಿನ ಕೆಳಗೆ.

ಅವಳು ಆ ಚುಕ್ಕೆಯನ್ನು ನೋಡಿದಳು. ನಾಲ್ಕು ದಿನದಿಂದ ಕ್ಲಿಪ್ಪು ಕಚ್ಚಿಸಿದ್ದು ಅಲ್ಲೇ. ಎಲ್ಲರನ್ನೂ ಅಳೆದದ್ದು ಅಲ್ಲಿ ನಿಂತುಕೊಂಡು. ಅದನ್ನು ಅಳೆದಿರಲಿಲ್ಲ.

ಕ್ಲಿಪ್ಪು ಬೋಲ್ಟಿನ ತುದಿಗೆ ಕಚ್ಚಿಸಿದಳು. ಸೂಜಿಯನ್ನು ಎಂಜಿನ್ನಿನ ಬರಿಮೈಗೆ ಒತ್ತಿದಳು. ಜಡೆ ಸರಿಯಿದ್ದರೆ ಎರಡೂ ಒಂದೇ ಕಬ್ಬಿಣ, ಬಲ್ಬು ಹತ್ತಬಾರದು.

"ಕೀ ತಿರುಗಿಸಿ."

ಹತ್ತಿತು.

ಹತ್ತಿತು ಅನ್ನಲು ಬಾಯಿ ತೆರೆದಳು. ಕೇಳುವವರು ಗಾಡಿಯ ಕೆಳಗೆ ಯಾರೂ ಇರಲಿಲ್ಲ.

ಮೊದಲು ಬಂದ ಯೋಚನೆ ಗ್ರೀಸಣ್ಣನದೇ. ಮೋಟರು ಬಿಚ್ಚುವಾಗ ಇದನ್ನೂ ಸಡಿಲ ಮಾಡಿರಬೇಕು, ಬೇಕಂತಲೇ. ಹಾಗೇ ಇರಲಿ ಅಂತ ಅವಳು ಒಳಗೊಳಗೇ ಬೇಡಿಕೊಂಡಳು. ಸೆರಗಿನಿಂದ ಧೂಳು ಒರೆಸಿ ಕಣ್ಣು ಹತ್ತಿರ ತಂದು ನೋಡಿದಳು. ನಟ್ಟಿನಿಂದ ಬೋಲ್ಟಿಗೆ ಬಣ್ಣ ಒಂದೇ ತುಣುಕು. ಕೂದಲೆಳೆಯಷ್ಟು ಬಿರುಕಿಲ್ಲ. ಮೇಸ್ತ್ರಿ ಚುಕ್ಕೆ ಇಟ್ಟ ಮೇಲೆ ಅದನ್ನು ಯಾರೂ ಮುಟ್ಟಿರಲಿಲ್ಲ.

ಎರಡು ಬೆರಳಲ್ಲಿ ನಟ್ಟು ಹಿಡಿದಳು. ಸ್ಪ್ಯಾನರ್ ಬೇಕಾಗಲಿಲ್ಲ. ಚುಕ್ಕೆ ಚಟ್ ಅಂತ ಒಡೆದು ನಟ್ಟು ತಿರುಗಿತು. ಕೆಳಗೆ ಜಡೆಯ ತುದಿ ಗಡಗಡ ಅಲ್ಲಾಡುತ್ತಿತ್ತು, ಸುತ್ತ ಹಸಿರು ಕಿಲುಬು. ಗ್ರೀಸಣ್ಣ ಮೋಟರು ಕೂರಿಸುವಾಗ ಅಲ್ಲಾಡಿ ಎರಡು ದಿನ ತಾಗಿಕೊಂಡಿತ್ತು, ಅಷ್ಟೇ.

ನರ್ಸಮ್ಮನಿಗೆ ಬಾನೆಟ್ ಅಡ್ಡ. ಗ್ರೀಸಣ್ಣ ಆ ತುದಿಯಲ್ಲಿ. ಯಾರೂ ನೋಡಿರಲಿಲ್ಲ. ಅವಳು ತುದಿಯನ್ನು ಉಜ್ಜಿ, ನಟ್ಟು ಕೂರಿಸಿ, ಸ್ಪ್ಯಾನರ್ ಇಟ್ಟು ತೋಳಿನ ಬಲವೆಲ್ಲ ಹಾಕಿ ಬಿಗಿದಳು. ಕೀ ತಿರುಗಿಸಿದ ತಕ್ಷಣ ಗಾಡಿ ಸ್ಟಾರ್ಟಾಯಿತು. ಹತ್ತು ಸಲ ಆರಿಸಿದರು, ಹತ್ತು ಸಲ ಹತ್ತಿತು.

"ಏನಾಗಿತ್ತಮ್ಮ?"

"ಒಂದು ನಟ್ಟು ಲೂಸಾಗಿತ್ತು."

"ಯಾರು ಕಟ್ಟಿದ್ದು?"

ಗ್ರೀಸಣ್ಣ ಈ ಕಡೆ ತಿರುಗಿದ್ದ. ನರ್ಸಮ್ಮನ ಕಣ್ಣೂ ಅವನ ಮೇಲೇ ಹೋಯಿತು. ಬಲ್ಬಕ್ಕ ಒಂದು ಮಾತೂ ಆಡಬೇಕಾಗಿರಲಿಲ್ಲ. ಸುಮ್ಮನಿದ್ದರೆ ಸಾಕಿತ್ತು.

ಸುಮ್ಮನೇ ಇದ್ದಳು. ನರ್ಸಮ್ಮ ತಲೆಯಾಡಿಸಿ, ಗ್ರೀಸಣ್ಣನಿಗೆ ಒಂದು ನೋಟ ಕೊಟ್ಟು ಹೋದಳು. ಗ್ರೀಸಣ್ಣ ಸುತ್ತಿಗೆ ಎತ್ತಿಕೊಂಡ. ಬಡಿಯಲಿಲ್ಲ, ಹಿಡಿದುಕೊಂಡೇ ನಿಂತಿದ್ದ.

ಮಧ್ಯಾಹ್ನವೇ ಮನೆಗೆ ಹೋದಳು. ಅತ್ತೆಯ ಕೋಣೆಗೆ ಹೋಗಿ ಎದುರು ಕೂತಳು.

"ಅತ್ತೆ, ದಿನಾ ಬೆಳಿಗ್ಗೆ ಬಾಗಿಲು ಹಾಕ್ಕೊಂಡು ಏನು ಮಾಡ್ತಿದ್ರಿ ನೀವಿಬ್ರು?"

"ಯಾರಿಬ್ರು?"

"ನೀವು, ನಿಮ್ಮ ಮಗ."

ಮುದುಕಿ ಸೆರಗಿನ ಅಂಚು ಮಡಚಿದಳು, ಬಿಡಿಸಿದಳು. ಕೇಳಿಸಲಿಲ್ಲವೇನೋ ಅಂದುಕೊಂಡಳು ಬಲ್ಬಕ್ಕ.

"ಅಂಗಿ ಗುಂಡಿ ಹಾಕ್ತಿದ್ದೆ ಕಣೇ," ಅಂದಳು ಅತ್ತೆ. "ಅವನ ಬಲಗೈ ಬೆರಳು ಹಿಡೀತಿರಲಿಲ್ಲ. ಐದು ಗುಂಡಿ ಹಾಕ್ಕೊಳೋಕೆ ಬೆವರು ಸುರಿಸ್ತಿದ್ದ. ನಾನು ಹಾಕಿ ಕಳಿಸ್ತಿದ್ದೆ, ಶಾಲೆಗೆ ಕಳಿಸಿದ ಹಾಗೆ. ಅವಳಿಗೆ ಹೇಳ್ಬೇಡಮ್ಮ ಅಂದ. ಹೇಳಿದ್ರೆ ಸ್ಪ್ಯಾನರ್ ಕಿತ್ಕೋತಾಳೆ ಅಂದ."

ಬಲ್ಬಕ್ಕ ಗೋಡೆ ನೋಡುತ್ತಿದ್ದಳು.

"ಡಾಕ್ಟರು ಕೇಳಿದ್ರು ನನ್ನ. ಕೈ ಸೋತಿತ್ತಾ ಅಂತ."

"ನನ್ನನ್ನ ಯಾರೂ ಕೇಳ್ಲಿಲ್ಲ," ಅಂದಳು ಮುದುಕಿ. ಸೆರಗು ಬಾಯಿಗೆ ಹಿಡಿದುಕೊಂಡಳು. ಬಲ್ಬಕ್ಕ ಎದ್ದು ನೀರು ತಂದುಕೊಟ್ಟಳು. ಇಬ್ಬರೂ ಅಳಲಿಲ್ಲ ಅಂತಲ್ಲ. ಒಟ್ಟಿಗೆ ಅಳಲಿಲ್ಲ.

ಮತ್ತೆ ಶೆಡ್ಡಿಗೆ ಬಂದಳು. ಗ್ರೀಸಣ್ಣ ಟೀ ಕುಡಿಯುತ್ತಿದ್ದ. ಅವನ ಎದುರು ನಿಂತಳು.

"ಆ ನಟ್ಟು ಮೇಸ್ತ್ರಿ ಕಟ್ಟಿದ್ದು. ಚುಕ್ಕೆ ಒಡೆದಿರಲಿಲ್ಲ. ಅವರ ಕೈಯಲ್ಲಿ ಬಲ ಇರಲಿಲ್ಲ. ಬಿಗಿಯಾಗಿದೆ ಅಂದ್ಕೊಂಡು ಚುಕ್ಕೆ ಇಟ್ಟಿದಾರೆ. ನಿಮ್ಮ ಕಾರ್ಬನ್ ಸರಿಯಿತ್ತು. ನಿಮ್ಮದು ಏನೂ ತಪ್ಪಿಲ್ಲ. ನರ್ಸಮ್ಮನಿಗೂ ಫೋನ್ ಮಾಡಿ ಹೇಳಿದೀನಿ."

ಗ್ರೀಸಣ್ಣ ಲೋಟ ಕೆಳಗಿಟ್ಟ.

"ಅವಳಿಗೆ ಯಾಕೆ ಹೇಳಕ್ಕೆ ಹೋದ್ರಿ? ನನ್ನ ಮೇಲೇ ಇರ್ಲಿ ಅಂತಿದ್ದೆ. ನಾನು ಬೈಸ್ಕೊಳೋದು ಹೊಸದಾ?"

"ನಿಮ್ಮ ಮೇಲಿದ್ರೆ ಉಳಿದ ಗಾಡಿಗಳನ್ನ ಯಾರು ನೋಡ್ತಾರೆ?"

"ಯಾವ ಉಳಿದ ಗಾಡಿ?"

"ಆ ಮೂರು ತಿಂಗಳಲ್ಲಿ ಅವರು ಕಟ್ಟಿದ್ದು. ಬಲ್ಬು ಹಿಡಿದವಳು ನಾನು. ಹದಿನಾಲ್ಕು ಗಾಡಿ, ಎಲ್ಲ ನೆನಪಿದೆ. ಅದರಲ್ಲಿ ಒಂದು ಸ್ಕೂಲ್ ವ್ಯಾನು."

ಗ್ರೀಸಣ್ಣ ಎದ್ದ. ಗೋಡೆಯಿಂದ ತನ್ನ ಉದ್ದದ ಸ್ಪ್ಯಾನರ್ ತೆಗೆದು ಅವಳ ಕೈಗೆ ಕೊಟ್ಟ. "ಇದರಲ್ಲಿ ಹಿಡಿತ ಚೆನ್ನಾಗಿ ಸಿಗತ್ತೆ," ಅಂದ. ಬೋರ್ಡಿನ ಮಾತು ಆಡಲಿಲ್ಲ. ಅವಳೂ ಕೇಳಲಿಲ್ಲ.

ಮೊದಲು ಸ್ಕೂಲ್ ವ್ಯಾನಿಗೇ ಹೋದಳು. ಮಕ್ಕಳು ಇಳಿದಿದ್ದರು. ಡ್ರೈವರು ಗಾಡಿ ಒರೆಸುತ್ತಿದ್ದ.

"ಏನ್ ಬಲ್ಬಕ್ಕ, ಇಷ್ಟು ದೂರ? ಗಾಡಿ ಚೆನ್ನಾಗೇ ಓಡ್ತಿದೆಯಲ್ಲ."

"ಓಡ್ಲಿ. ಬಾನೆಟ್ ಎತ್ತಿ."

ಎತ್ತಿದ. ಅವಳು ಬ್ಯಾಟರಿಯ ಪಕ್ಕ ಬಗ್ಗಿ ಸ್ಪ್ಯಾನರ್ ಇಡಲು ಹೋದರೆ ಅವನು ಕೈ ಅಡ್ಡ ಹಿಡಿದ.

"ಅಯ್ಯೋ, ಅಲ್ಲಿ ಕೆಂಪು ಚುಕ್ಕೆ ಇದೆ ನೋಡಿ. ಮೇಸ್ತ್ರಿ ಕಟ್ಟಿದ್ದು. ಅದನ್ನ ಯಾರೂ ಮುಟ್ಟಬಾರದು."

"ಗೊತ್ತು. ಸ್ವಲ್ಪ ಆ ಕಡೆ ಹೋಗಿ."

ಸ್ಪ್ಯಾನರ್ ಇಟ್ಟಳು. ಕಣ್ಣು ಮುಚ್ಚಿ ಎಳೆದಳು. ಚುಕ್ಕೆ ಒಡೆಯಿತು. ನಟ್ಟು ಅರ್ಧ ಸುತ್ತು ಹೋಗಿ ನಿಂತಿತು.

"ಲೂಸಿತ್ತಾ?" ಅಂದ ಡ್ರೈವರು. "ಮೇಸ್ತ್ರಿ ಕಟ್ಟಿದ್ದು ಲೂಸಾಗತ್ತಾ?"

"ಆಗತ್ತೆ," ಅಂದಳು. ಬ್ಲೌಸಿನೊಳಗಿಂದ ಶೀಶೆ ತೆಗೆದು, ಒಡೆದ ಚುಕ್ಕೆಯ ಪಕ್ಕದಲ್ಲಿ ಇನ್ನೊಂದು ಇಟ್ಟಳು. ಒಣಗುವವರೆಗೆ ಊದಿದಳು. "ಕೀ ತಿರುಗಿಸಿ. ನೋಡಿಬಿಟ್ಟು ಹೋಗ್ತೀನಿ. ಇನ್ನೂ ಹದಿಮೂರು ಇವೆ. ಅಲ್ಲ, ನರ್ಸಮ್ಮಂದು ಆಯ್ತು. ಹನ್ನೆರಡು."